ಮುಳುಗುವ ವಿದ್ಯೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ನಂಗಲಿ)

ಈಜುವುದು ವಿದ್ಯೆ, ಮುಳುಗುವುದು ವಿಪತ್ತು ಎಂಬುದೇ ನಮ್ಮೆಲ್ಲರ ಸಾಮಾನ್ಯ ತಿಳಿವಳಿಕೆ. ಆದರೆ ಮುಳುಗುವುದೂ ಒಂದು ವಿದ್ಯೆಯಾಗಬಲ್ಲದು. ಅದಕ್ಕೂ ಪಾಠವುಂಟು, ಪರೀಕ್ಷೆಯುಂಟು, ತೇರ್ಗಡೆಯಾದವರಿಗೆ ಪ್ರಮಾಣಪತ್ರವೂ ಉಂಟು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲಿನ ತಳವನ್ನು ನೋಡಿಬರುವ ಈ ವಿದ್ಯೆಗೆ ಸ್ಕೂಬಾ ಎಂದು ಹೆಸರು. ಈ ಪ್ರಮಾಣಪತ್ರ ಪಡೆದವರು ರಜೆಯ ದಿನಗಳಲ್ಲಿ ನಾಲ್ಕಾರು ಮಂದಿ ಕೂಡಿ, ತಮಗಾಗಿಯೇ ಒಂದು ದೋಣಿಯನ್ನು ಗೊತ್ತುಮಾಡಿಕೊಂಡು ಕಡಲಿಗೆ ಹೊರಡುವ ಪದ್ಧತಿ ಇಂದು ಅನೇಕ ದೇಶಗಳಲ್ಲಿ ಬೇರೂರಿದೆ. ಕರ್ನಾಟಕದಲ್ಲಿ ಇಂಥ ಯಾನಕ್ಕೆ ಹೆಸರಾದ ಸ್ಥಳ ಉತ್ತರ ಕನ್ನಡ ಜಿಲ್ಲೆಯ ನೇತ್ರಾಣಿ ದ್ವೀಪ. ಆ ಯಾನದ ನಿಯಮಗಳೇನು, ಅವುಗಳ ಹಿಂದಿರುವ ಕಾರಣಗಳೇನು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಕಡಲಿಲ್ಲದ, ಹರಿಯುವ ಹೊಳೆಯೂ ಇಲ್ಲದ ಮುಳಬಾಗಿಲು ಸೀಮೆಯವನಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ದುಃಖದ್ದು. 2024ರ ಡಿಸೆಂಬರ್ 10ರಂದು ನಮ್ಮ ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಹೋಗಿದ್ದ ನಾಲ್ವರು ಬಾಲಕಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅಂದಿನಿಂದ ನಮ್ಮ ಕಡೆ ಮುರುಡೇಶ್ವರವೆಂದರೆ ದೇವಾಲಯದ ನೆನಪಿಗಿಂತ ಮೊದಲು ಆ ಮಕ್ಕಳ ನೆನಪಾಗುವುದು. ನೇತ್ರಾಣಿಗೆ ದೋಣಿಗಳು ಹೊರಡುವುದೂ ಅದೇ ಮುರುಡೇಶ್ವರದಿಂದಲೇ. ಒಂದೇ ಕಡಲು, ಒಂದೇ ಊರು. ಕೆಲವರು ಅಲ್ಲಿ ಹತ್ತು ಹದಿನೈದು ಮೀಟರ್ ಆಳಕ್ಕೆ ಇಳಿದು ನಗುತ್ತ ಮೇಲೆ ಬರುತ್ತಾರೆ. ಕೆಲವರು ದಡದ ಅಲೆಯಲ್ಲಿಯೇ ಮರೆಯಾಗುತ್ತಾರೆ. ಈ ಅಂತರಕ್ಕೆ ಕಾರಣ ಅದೃಷ್ಟವೆಂದು ಹೇಳಿ ಸುಮ್ಮನಾಗುವುದು ವಿದ್ಯಾವಂತರಿಗೆ ತಕ್ಕುದಲ್ಲ.

ನೇತ್ರಾಣಿ

ನೇತ್ರಾಣಿಯು ಭಟ್ಕಳ ತಾಲ್ಲೂಕಿನ ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರದ ನಡುವೆ ಇರುವ ಕಲ್ಲುಗುಡ್ಡದ ದ್ವೀಪ. ಕಾಡುಪಾರಿವಾಳಗಳ ನೆಲೆಯಾದುದರಿಂದ ಅದಕ್ಕೆ ಪಾರಿವಾಳ ದ್ವೀಪವೆಂಬ ಹೆಸರೂ ಇದೆ. ಬಿಳಿ ಹೊಟ್ಟೆಯ ಕಡಲ ಹದ್ದು ಅಲ್ಲಿ ಗೂಡು ಕಟ್ಟುತ್ತದೆ. ದ್ವೀಪದ ಸುತ್ತಣ ನೀರಿನಲ್ಲಿ ಹವಳದ ಬಂಡೆಗಳೂ ಅವುಗಳನ್ನು ಆಶ್ರಯಿಸಿದ ಬಗೆಬಗೆಯ ಮೀನುಗಳೂ ಇವೆ. ಹಿಂದೆ ನೌಕಾಪಡೆಯವರು ಈ ದ್ವೀಪವನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತಿದ್ದುದುಂಟು. ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ಯಾನ ನಿಲ್ಲುತ್ತದೆ. ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇ ತಿಂಗಳವರೆಗೆ ದೋಣಿಗಳು ಹೋಗಿಬರುತ್ತವೆ.

ಉಸಿರಿನ ಲೆಕ್ಕ

ನೀರಿನೊಳಗೆ ಸ್ವತಂತ್ರವಾಗಿ ಉಸಿರಾಡುವ ಸಾಧನವನ್ನು 1943ರಲ್ಲಿ ಫ್ರಾನ್ಸಿನ ಕುಸ್ಟೋ ಮತ್ತು ಗಾನ್ಯಾನ್ ಎಂಬಿಬ್ಬರು ರೂಪಿಸಿದರು. ಅವರ ಯುಕ್ತಿ ಇರುವುದು ರೆಗ್ಯುಲೇಟರ್ ಎಂಬ ಸಣ್ಣ ಉಪಕರಣದಲ್ಲಿ. ಸಿಲಿಂಡರಿನಲ್ಲಿ ಗಾಳಿಯನ್ನು ಸುಮಾರು 200 ಪಟ್ಟು ಒತ್ತಿ ತುಂಬಿರುತ್ತಾರೆ. ಅದನ್ನು ನೇರವಾಗಿ ಬಾಯಿಗೆ ಬಿಟ್ಟರೆ ಶ್ವಾಸಕೋಶ ಉಳಿಯದು. ಸುತ್ತಲ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿಯನ್ನು, ಅದೂ ಉಸಿರೆಳೆದಾಗ ಮಾತ್ರ, ಈ ಉಪಕರಣ ಒದಗಿಸುತ್ತದೆ.

ನೀರಿನ ಒತ್ತಡವೆಂಬುದು ಎಷ್ಟು ದೊಡ್ಡದೆಂದು ತಿಳಿಯಲು ನಮ್ಮ ಜಿಲ್ಲೆಯದೇ ಉದಾಹರಣೆ ಕೊಡಬಹುದು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳವಾಗಿತ್ತು. ಅಷ್ಟು ಕೆಳಗಿಳಿದರೂ ಅಲ್ಲಿಯ ಗಾಳಿಯ ಒತ್ತಡ ಕಡಲ ದಡದಲ್ಲಿರುವುದರ ಒಂದೂವರೆ ಪಟ್ಟನ್ನು ಮುಟ್ಟುವುದಿಲ್ಲ. ಕಡಲಿನಲ್ಲಾದರೋ ಬರೀ 5 ಮೀಟರ್ ಇಳಿದವನ ಮೇಲೆ ಒಂದೂವರೆ ಪಟ್ಟು, 10 ಮೀಟರ್ ಇಳಿದವನ ಮೇಲೆ ಎರಡು ಪಟ್ಟು, 20 ಮೀಟರ್ ಇಳಿದವನ ಮೇಲೆ ಮೂರು ಪಟ್ಟು ಒತ್ತಡ ಬೀಳುತ್ತದೆ. ಗಾಳಿಗಿಂತ ನೀರು ಅಷ್ಟು ಭಾರ.

ಇದರಿಂದ ಎರಡು ಫಲಗಳುಂಟಾಗುತ್ತವೆ. ಮೊದಲನೆಯದು ಗಾಳಿ ಬೇಗ ಮುಗಿಯುವುದು. 12 ಲೀಟರಿನ ಸಿಲಿಂಡರನ್ನು 200 ಪಟ್ಟು ಒತ್ತಿ ತುಂಬಿದರೆ ಅದರಲ್ಲಿ ಸುಮಾರು 2,400 ಲೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ 20 ಲೀಟರ್ ಬಳಸುವವನಿಗೆ ಅದು ದಡದ ಮೇಲೆ ಎರಡು ಗಂಟೆ ಸಾಕು. 20 ಮೀಟರ್ ಆಳದಲ್ಲಿ ಮೂರು ಪಟ್ಟು ಗಾಳಿ ಬೇಕಾದುದರಿಂದ 40 ನಿಮಿಷಕ್ಕೆ ಬರಿದಾಗುವುದು. ಅದರಲ್ಲಿಯೂ ಕಾಲು ಭಾಗವನ್ನು ಆಪತ್ತಿಗೆಂದು ಮುಟ್ಟದೆ ಉಳಿಸಬೇಕು. ಆಗ ಉಳಿಯುವುದು 30 ನಿಮಿಷ ಮಾತ್ರ. ಮುಳುಗುಗಾರನು ಅವಸರಪಟ್ಟಷ್ಟೂ ಗಾಬರಿಪಟ್ಟಷ್ಟೂ ಈ 30 ನಿಮಿಷ ಕರಗುತ್ತ ಹೋಗುವುದು.

ಎರಡನೆಯದು ಮೇಲೇಳುವಾಗಿನ ಅಪಾಯ. 10 ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬಿದ 5 ಲೀಟರ್ ಗಾಳಿ, ಉಸಿರು ಬಿಗಿಹಿಡಿದು ಮೇಲೆ ಬಂದರೆ 10 ಲೀಟರಾಗಲು ಹವಣಿಸುವುದು, ಶ್ವಾಸಕೋಶ ಹರಿಯುವುದು. ಆದುದರಿಂದ ಎಂದಿಗೂ ಉಸಿರು ಹಿಡಿಯಬಾರದೆಂಬುದೇ ಈ ವಿದ್ಯೆಯ ಪ್ರಥಮ ಪಾಠ. ಬಾವಿಯಲ್ಲಿ ಮುಳುಗುವ ನಮ್ಮ ಹಳ್ಳಿಯ ಹುಡುಗನು ಉಸಿರು ಕಟ್ಟಿಯೇ ಇಳಿಯುತ್ತಾನೆ. ಮೇಲಿನಿಂದ ಕೊಂಡುಹೋದ ಗಾಳಿ ಮೇಲೆ ಬಂದಾಗ ಮತ್ತೆ ಮೊದಲಿನಷ್ಟೇ ಆಗುವುದರಿಂದ ಅವನಿಗೆ ಈ ಅಪಾಯವಿಲ್ಲ. ಬಾವಿಯ ಬುದ್ಧಿ ಸ್ಕೂಬಾಕ್ಕೆ ಸಲ್ಲದು.

ಇದಲ್ಲದೆ ಒತ್ತಡದಲ್ಲಿ ಗಾಳಿಯ ಸಾರಜನಕವು ರಕ್ತ ಮಾಂಸಗಳಲ್ಲಿ ಕರಗಿ ಸೇರುತ್ತದೆ. ಥಟ್ಟನೆ ಮೇಲೆ ಬಂದರೆ ಸೋಡಾ ಸೀಸೆಯ ಗೋಲಿ ಒತ್ತಿದಾಗ ಏಳುವಂತೆ ಮೈಯೊಳಗೆ ಗುಳ್ಳೆಗಳೇಳುತ್ತವೆ. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಇದರ ಕಾರಣವನ್ನು 1878ರಲ್ಲಿ ಫ್ರಾನ್ಸಿನ ಪಾಲ್ ಬರ್ಟ್ ತೋರಿಸಿಕೊಟ್ಟನು. ಹಂತಹಂತವಾಗಿ ನಿಂತು ನಿಂತು ಮೇಲೆ ಬಂದರೆ ತೊಂದರೆಯಾಗದೆಂದು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಪಟ್ಟಿ ಪ್ರಕಟಿಸಿದನು. ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ವೇಗವಾಗಿ ಏಳದೆ, 5 ಮೀಟರ್ ಆಳದಲ್ಲಿ 3 ನಿಮಿಷ ತಂಗಿ ಬರುವ ಇಂದಿನ ರೂಢಿಗೆ ಆ ವಿಚಾರವೇ ಮೂಲ.

ಪ್ರಮಾಣಪತ್ರದ ಅರ್ಥ

ಈ ಎಲ್ಲವನ್ನೂ ಕಲಿಸಿ ಪರೀಕ್ಷಿಸುವ ಅಂತರರಾಷ್ಟ್ರೀಯ ಸಂಸ್ಥೆಗಳಿವೆ. 1959ರಲ್ಲಿ ಸ್ಥಾಪನೆಯಾದ ಸಿ.ಎಂ.ಎ.ಎಸ್., 1966ರಲ್ಲಿ ಅಮೆರಿಕದಲ್ಲಿ ಆರಂಭವಾದ ಪಿ.ಎ.ಡಿ.ಐ. ಅವುಗಳಲ್ಲಿ ಮುಖ್ಯವಾದವು. ಪಿ.ಎ.ಡಿ.ಐ. ಪದ್ಧತಿಯ ಮೊದಲ ದರ್ಜೆಗೆ ಕಲಿಯುವವನು ಯಾವ ಸಾಧನವೂ ಇಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ತೇರ್ಗಡೆಯಾದರೆ 18 ಮೀಟರ್‌ವರೆಗೆ ಇಳಿಯಬಹುದು; ಮುಂದಿನ ದರ್ಜೆಯವರು 30 ಮೀಟರ್‌ವರೆಗೆ; ವಿನೋದಕ್ಕಾಗಿ ಮುಳುಗುವವರ ಕಟ್ಟಕಡೆಯ ಎಲ್ಲೆ 40 ಮೀಟರ್. ಕಲಿಯದವರೂ ಶಿಕ್ಷಕನ ಜೊತೆಯಲ್ಲಿ 12 ಮೀಟರ್ ಮೀರದಂತೆ ಒಮ್ಮೆ ಇಳಿದು ನೋಡಬಹುದು. ನೇತ್ರಾಣಿಗೆ ಬರುವ ಪ್ರವಾಸಿಗರಲ್ಲಿ ಇಂಥವರೇ ಬಹುಮಂದಿ.

ನಮ್ಮ ಮನೆತನದಲ್ಲಿ ಪದವಿಯ ಪರೀಕ್ಷೆಗೆ ಕೂಡುತ್ತಿರುವವರಲ್ಲಿ ನಾನೇ ಮೊದಲಿಗ. ಪ್ರಮಾಣಪತ್ರವೆಂದರೆ ಬಾಗಿಲು ತೆರೆಯುವ ಬೀಗದ ಕೈ ಎಂದೇ ನಮ್ಮ ಮನೆಯವರ ನಂಬಿಕೆ. ಮುಳುಗುಗಾರನ ಪ್ರಮಾಣಪತ್ರವೂ ಬಾಗಿಲನ್ನು ತೆರೆಯುತ್ತದೆ. ಆದರೆ ಎಲ್ಲಿ ನಿಲ್ಲಬೇಕೆಂಬುದನ್ನೂ ಅದು ಜೊತೆಗೇ ತಿಳಿಸುತ್ತದೆ. ನೀನು ಇಷ್ಟು ಬಲ್ಲೆ, ಇದಕ್ಕಿಂತ ಆಳ ನಿನ್ನದಲ್ಲ ಎನ್ನುವುದೇ ಅದರ ತಾತ್ಪರ್ಯ. ಹೊಯ್ಸಳ ವಿಷ್ಣುವರ್ಧನನ ಶಾಸನಗಳಲ್ಲಿ ರಾಜ್ಯದ ಮೂಡಣ ಎಲ್ಲೆಯೆಂದು ನಂಗಲಿಯ ಹೆಸರಿದೆ. ಇಂದಿಗೂ ನಮ್ಮ ಊರು ಆಂಧ್ರದ ಗಡಿಯಲ್ಲಿಯೇ ಇದೆ. ಎಲ್ಲೆಯೆಂಬುದು ಅವಮಾನವಲ್ಲ, ಅದನ್ನರಿತು ನಡೆಯುವುದೇ ಕ್ಷೇಮವೆಂಬುದನ್ನು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗೊತ್ತುಮಾಡಿದ ದೋಣಿ

ಪ್ರಮಾಣಪತ್ರವುಳ್ಳವರು ತಮಗೇ ಬೇರೆ ದೋಣಿ ಗೊತ್ತುಮಾಡಿಕೊಳ್ಳುವುದೇಕೆ? ಹೊಸಬರಿರುವ ದೋಣಿ ಹೊಸಬರ ಗತಿಯಲ್ಲಿಯೇ ಸಾಗಬೇಕು. ಆಳವಿಲ್ಲದ, ಅಲೆಯಿಲ್ಲದ ಕಡೆಯೇ ನಿಲ್ಲಬೇಕು. ಅನುಭವಸ್ಥರ ತಂಡಕ್ಕೆ ತಮ್ಮ ದರ್ಜೆಗೊಪ್ಪುವ ಜಾಗ, ಹೊತ್ತು, ಆಳಗಳನ್ನು ತಾವೇ ಆರಿಸಿಕೊಳ್ಳುವ ಆಸೆ. ಬಾಡಿಗೆಯನ್ನು ಹಂಚಿಕೊಂಡರೆ ಭಾರವೂ ಕಡಿಮೆ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಹಣ ಕೊಟ್ಟವನು ತಾನೇ ಯಜಮಾನನೆಂದು ಭಾವಿಸುವುದು ಲೋಕರೂಢಿ. ದಡದಲ್ಲಿ ಅದು ನಡೆದೀತು, ಕಡಲಲ್ಲಿ ನಡೆಯದು. ಗಾಳಿ ಬೀಸುತ್ತಿದೆ, ಇಂದು ಇಳಿಯುವುದು ಬೇಡವೆಂದು ತಾಂಡೇಲನು ಹೇಳಿದರೆ, ಬಾಡಿಗೆ ಕೊಟ್ಟಿದ್ದೇವೆ ಎಂಬ ಮಾತಿಗೆ ಬೆಲೆಯಿಲ್ಲ. ಪ್ರತಿಯೊಬ್ಬನಿಗೂ ಜೊತೆಗಾರನೊಬ್ಬನಿರಬೇಕು, ಇಳಿಯುವ ಮುನ್ನ ಒಬ್ಬರ ಸಾಧನಗಳನ್ನು ಇನ್ನೊಬ್ಬರು ಪರೀಕ್ಷಿಸಬೇಕು, ಇಳಿದವರ ಹೆಸರು ಬರೆದು, ಹತ್ತಿದವರನ್ನು ಎಣಿಸಬೇಕು. ಹವಳವನ್ನು ಮುಟ್ಟಬಾರದು, ಮುರಿಯಬಾರದು. ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆಯುಂಟು.

ಈ ನಿಯಮಗಳು ಕ್ಷುಲ್ಲಕವೆಂದು ತೋರಬಹುದು. ಅವು ತಪ್ಪಿದಾಗ ಏನಾಗುವುದೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 1998ರ ಜನವರಿ 25ರಂದು ಆಸ್ಟ್ರೇಲಿಯದ ಮಹಾ ಹವಳದಂಡೆಯ ಬಳಿ ಮುಳುಗಲು ಹೋದ ಅಮೆರಿಕದ ದಂಪತಿಗಳಿಬ್ಬರನ್ನು ನೀರಿನಲ್ಲಿಯೇ ಬಿಟ್ಟು ದೋಣಿ ಹಿಂತಿರುಗಿತು. ತಲೆಯೆಣಿಕೆ ತಪ್ಪಿತ್ತು. ಅವರ ಚೀಲ ದೋಣಿಯಲ್ಲಿ ಉಳಿದಿದ್ದುದು ಎರಡು ದಿನಗಳ ಮೇಲೆ ತಿಳಿಯಿತು; ಅವರು ಮತ್ತೆ ಸಿಗಲಿಲ್ಲ. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ, ಮುಳುಗುಗಾರರ ತಂಡವೊಂದು ಗೊತ್ತುಮಾಡಿದ್ದ ಕನ್ಸೆಪ್ಷನ್ ಎಂಬ ದೋಣಿಗೆ ಕ್ಯಾಲಿಫೋರ್ನಿಯದ ತೀರದ ಬಳಿ ಬೆಂಕಿ ಹತ್ತಿ, ಕೆಳ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿ ಸತ್ತರು. ರಾತ್ರಿ ಸುತ್ತಿ ನೋಡುವ ಕಾವಲುಗಾರನನ್ನು ನೇಮಿಸಿರಲಿಲ್ಲವೆಂದು ತನಿಖೆಯಿಂದ ಹೊರಬಿತ್ತು. ಈ ಎರಡರಲ್ಲಿಯೂ ಜನರನ್ನು ಕೊಂದುದು ಕಡಲಿನ ಆಳವಲ್ಲ. ಒಂದು ಕಡೆ ಎಣಿಸಬೇಕಾದವನು ಸರಿಯಾಗಿ ಎಣಿಸಲಿಲ್ಲ, ಇನ್ನೊಂದು ಕಡೆ ಎಚ್ಚರವಿರಬೇಕಾದವನು ಇರಲಿಲ್ಲ.

ನಮ್ಮ ಮೈದಾನದವರು ನೆನಪಿಡಬೇಕಾದ ನಿಯಮ ಮತ್ತೊಂದಿದೆ. ಮುಳುಗಿದವನು ಒಡನೆಯೇ ವಿಮಾನ ಏರಬಾರದು. ಒಮ್ಮೆ ಮುಳುಗಿದ್ದರೆ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ಕಾಯಬೇಕೆಂದು ವೈದ್ಯರ ಸಲಹೆ. ಮೇಲೇರಿದಂತೆ ಗಾಳಿಯ ಒತ್ತಡ ಇಳಿದು, ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಯಾಗಬಹುದು. ನಮ್ಮ ಕೋಲಾರ ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಆದುದರಿಂದ ನೇತ್ರಾಣಿಯಲ್ಲಿ ಮುಳುಗಿ ಅದೇ ಸಂಜೆ ಬಸ್ಸು ಹತ್ತಿ ಘಟ್ಟವೇರುವುದಕ್ಕಿಂತ ಒಂದು ರಾತ್ರಿ ಕಡಲ ಮಟ್ಟದಲ್ಲಿಯೇ ತಂಗುವುದು ವಿವೇಕ.

ನಾವು ಕಲಿಯಬೇಕಾದುದು

ನಮ್ಮ ತಂದೆಯವರ ಕಾಲದಲ್ಲಿ ಕಪಿಲೆ ಬಾವಿಗಳೇ ಈಜಿನ ಶಾಲೆಗಳು. ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಹಿರಿಯರು ಮಕ್ಕಳನ್ನು ನೀರಿಗಿಳಿಸುತ್ತಿದ್ದರು. ಹಗ್ಗದ ತುದಿ ಅನುಭವಸ್ಥನ ಕೈಯಲ್ಲಿರುತ್ತಿತ್ತು. ಆಮೇಲೆ ಕೊಳವೆ ಬಾವಿಗಳು ಸಾವಿರ ಅಡಿಯನ್ನು ದಾಟಿದವು, ತೆರೆದ ಬಾವಿಗಳು ಬತ್ತಿದವು. ಬಾವಿಯ ಜೊತೆಗೆ ಆ ವಿದ್ಯೆಯೂ ಬತ್ತಿತು. ನನ್ನ ಓರಗೆಯ ಹುಡುಗರಲ್ಲಿ ಈಜು ಬಲ್ಲವರು ಅಪರೂಪ, ಹುಡುಗಿಯರಲ್ಲಂತೂ ಇಲ್ಲವೆಂದೇ ಹೇಳಬೇಕು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಜಿಲ್ಲೆಯ ಹಲವು ಕೆರೆಗಳಿಗೆ ಮತ್ತೆ ನೀರು ಬಂದಿದೆ. ನೀರು ಹಿಂತಿರುಗಿತು, ನೀರಿನ ಅರಿವು ಹಿಂತಿರುಗಲಿಲ್ಲ. ನೀರನ್ನೇ ಅರಿಯದ ಮಕ್ಕಳು ಪ್ರವಾಸದಲ್ಲಿ ಮೊದಲ ಸಲ ಕಡಲನ್ನು ಕಂಡಾಗ ಹಿಗ್ಗಿ ಓಡುವುದು ಸಹಜ. ಅದನ್ನು ಅವರ ತಪ್ಪೆನ್ನಲಾಗದು.

ಸ್ಕೂಬಾ ಯಾನ ನಮ್ಮಂಥವರ ಕೈಗೆಟುಕದ ಶ್ರೀಮಂತರ ವಿನೋದವಿರಬಹುದು. ಅದರ ಶಿಸ್ತಿಗೆ ಮಾತ್ರ ಹಣ ಬೇಕಿಲ್ಲ. ಜೊತೆಗಾರನಿಲ್ಲದೆ ನೀರಿಗಿಳಿಯದಿರುವುದು, ಇಳಿಯುವ ಮುನ್ನವೂ ಹತ್ತಿದ ಮೇಲೂ ತಲೆಯೆಣಿಸುವುದು, ಸ್ಥಳ ಬಲ್ಲವನು ಬೇಡವೆಂದಾಗ ಒಪ್ಪುವುದು, ತನ್ನ ಎಲ್ಲೆಯನ್ನು ಅರಿಯುವುದು ಯಾವ ಶಾಲೆಯ ಪ್ರವಾಸಕ್ಕೂ ಸಲ್ಲುವ ನಿಯಮಗಳು. ಇದಕ್ಕೆ ಅಡಿಪಾಯವಾಗಿ ತಾಲ್ಲೂಕಿಗೊಂದು ಈಜುಕೊಳ ಕಟ್ಟಿ, ಗಂಡು ಹೆಣ್ಣೆನ್ನದೆ ಶಾಲೆಯ ಎಲ್ಲ ಮಕ್ಕಳಿಗೂ ಈಜು ಕಲಿಸುವ ಏರ್ಪಾಡಾಗಬೇಕು. 200 ಮೀಟರ್ ಈಜುವ ಶಕ್ತಿ, 10 ನಿಮಿಷ ತೇಲುವ ಧೈರ್ಯ: ಮುಳುಗುಗಾರನಿಂದ ಕೇಳುವ ಈ ಮೊದಲ ಪರೀಕ್ಷೆಯನ್ನು ನಮ್ಮ ಮಕ್ಕಳೆಲ್ಲರೂ ಪಾಸುಮಾಡುವಂತಾದರೆ, ಆ ನಾಲ್ವರು ಬಾಲಕಿಯರಿಗೆ ನಮ್ಮ ತಾಲ್ಲೂಕು ಸಲ್ಲಿಸಬಹುದಾದ ನಿಜವಾದ ಸ್ಮರಣೆ ಅದೇ ಆಗುವುದು.