ದಂತವೈದ್ಯ ಶಿಕ್ಷಣಕ್ಕೆ ಸೇರುವ ಮುನ್ನ: ಅರ್ಹತೆ ಮತ್ತು ಸಾಮರ್ಥ್ಯ

ಹಲ್ಲುನೋವು ಬಂದಾಗಲಷ್ಟೇ ದಂತವೈದ್ಯರನ್ನು ನೆನೆಯುವುದು ನಮ್ಮಲ್ಲಿ ರೂಢಿ. ಅಂತೆಯೇ, ಎಂ.ಬಿ.ಬಿ.ಎಸ್. ಸ್ಥಾನ ಕೈತಪ್ಪಿದಾಗಲಷ್ಟೇ ದಂತವೈದ್ಯ ಶಿಕ್ಷಣವನ್ನು ನೆನೆಯುವ ಕುಟುಂಬಗಳೂ ಅನೇಕ. ಎರಡೂ ವ್ಯಾಸಂಗಗಳಿಗೆ ಪ್ರವೇಶ ಪರೀಕ್ಷೆ ಒಂದೇ ಆಗಿರುವುದು ಇದಕ್ಕೆ ಒಂದು ಕಾರಣ. ಆದರೆ ದಂತವೈದ್ಯಕ್ಕೆ ಬೇಕಾದ ಸಾಮರ್ಥ್ಯಗಳು ಬೇರೆಯೇ ಬಗೆಯವು. ಅವುಗಳನ್ನು ಅರಿಯದೆ ಸೇರಿದ ವಿದ್ಯಾರ್ಥಿಯು ಐದು ವರ್ಷಗಳ ಕಾಲವನ್ನೂ ಪೋಷಕರ ಹಣವನ್ನೂ ಪಣಕ್ಕಿಟ್ಟಂತಾಗುತ್ತದೆ. ರಾಜಧಾನಿ ವಲಯದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳನ್ನು ವಿಶೇಷವಾಗಿ ಗಮನದಲ್ಲಿರಿಸಿಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಡಾ. ರಫಿಯುದ್ದೀನ್ ಅಹಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದರು. 1948ರ ದಂತವೈದ್ಯರ ಅಧಿನಿಯಮವು ಈ ವೃತ್ತಿಗೆ ಕಾನೂನಿನ ಚೌಕಟ್ಟನ್ನು ಒದಗಿಸಿತು. ಅದರ ಸ್ಥಾನದಲ್ಲಿ ಜಾರಿಗೆ ತರಲೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಅಧಿನಿಯಮವನ್ನು ಅಂಗೀಕರಿಸಿತು. ವ್ಯಾಸಂಗದ ಕೊನೆಯಲ್ಲಿ ರಾಷ್ಟ್ರಮಟ್ಟದ ನಿರ್ಗಮನ ಪರೀಕ್ಷೆಗೂ ಇದರಲ್ಲಿ ಅವಕಾಶವಿದೆ. ದೆಹಲಿಯಲ್ಲಿ ಬಹದ್ದೂರ್ ಷಾ ಜಫರ್ ಮಾರ್ಗದಲ್ಲಿರುವ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ ಮತ್ತು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ವಿಶ್ವವಿದ್ಯಾಲಯದ ದಂತವೈದ್ಯ ವಿಭಾಗಗಳು ಬಿ.ಡಿ.ಎಸ್. ಪದವಿ ಶಿಕ್ಷಣ ನೀಡುವ ಪ್ರಮುಖ ಸಾರ್ವಜನಿಕ ಸಂಸ್ಥೆಗಳಾಗಿವೆ.

ಪ್ರವೇಶದ ಅರ್ಹತೆ

ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ ಅಭ್ಯರ್ಥಿಗೆ 17 ವರ್ಷ ತುಂಬಿರಬೇಕು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನ ಹಾಗೂ ಇಂಗ್ಲಿಷ್ ವಿಷಯಗಳಲ್ಲಿ ಉತ್ತೀರ್ಣರಾಗಿರಬೇಕು. ವಿಜ್ಞಾನ ವಿಷಯಗಳಲ್ಲಿ ಒಟ್ಟಾರೆ ಶೇ. 50ರಷ್ಟು ಅಂಕಗಳು ಅಗತ್ಯ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಇತರ ಹಿಂದುಳಿದ ವರ್ಗಗಳವರಿಗೆ ಶೇ. 40 ಸಾಕು. ಇವುಗಳ ಜೊತೆಗೆ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆಯುವುದು ಕಡ್ಡಾಯ. ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಆದರೆ ಕನ್ನಡ ಪ್ರಶ್ನೆಪತ್ರಿಕೆ ಆರಿಸಿಕೊಂಡವರಿಗೆ ಕರ್ನಾಟಕದಲ್ಲಿಯೇ ಪರೀಕ್ಷಾ ಕೇಂದ್ರ ದೊರೆಯುತ್ತದೆ ಎಂಬುದನ್ನು ದೆಹಲಿಯಲ್ಲಿರುವವರು ನೆನಪಿನಲ್ಲಿಡಬೇಕು.

ಶಾಲೆಯ ಆಯ್ಕೆಯೂ ಮುಖ್ಯ

ಸರ್ಕಾರಿ ಕಾಲೇಜುಗಳ ಸ್ಥಾನಗಳಲ್ಲಿ ಶೇ. 15ರಷ್ಟು ಅಖಿಲ ಭಾರತ ಕೋಟಾಕ್ಕೆ ಮೀಸಲು. ದೆಹಲಿ ವಿಶ್ವವಿದ್ಯಾಲಯಕ್ಕೆ ಸೇರಿದ ಮೌಲಾನಾ ಆಜಾದ್ ಸಂಸ್ಥೆಯಲ್ಲಿ ಉಳಿದ ಶೇ. 85ರಷ್ಟು ದೆಹಲಿ ಕೋಟಾಕ್ಕೆ ಸೇರುತ್ತವೆ. ಈ ಕೋಟಾಕ್ಕೆ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳನ್ನು ದೆಹಲಿಯ ಶಾಲೆಯಲ್ಲಿಯೇ ಓದಿರಬೇಕೆಂಬ ನಿಯಮವಿದೆ. ಹೀಗಾಗಿ ದೆಹಲಿಯ ಗಡಿಯೊಳಗೆ ಓದಿದವರಿಗೆ ಸಿಗುವ ಅವಕಾಶವು, ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ನೋಯ್ಡಾ, ಗಾಜಿಯಾಬಾದ್, ಫರೀದಾಬಾದ್ ಅಥವಾ ಗುರುಗ್ರಾಮದ ಶಾಲೆಯಲ್ಲಿ ಓದಿದವರಿಗೆ ಸಿಗದು. ಅತ್ತ ಕರ್ನಾಟಕದ ಸರ್ಕಾರಿ ಕೋಟಾದ ಸಾಮಾನ್ಯ ನಿಯಮವು ಆ ರಾಜ್ಯದಲ್ಲಿ ಏಳು ವರ್ಷಗಳ ವ್ಯಾಸಂಗವನ್ನು ಬಯಸುತ್ತದೆ. ಕರ್ನಾಟಕ ಮೂಲದ ಕೇಂದ್ರ ಸರ್ಕಾರಿ ನೌಕರರು ಮತ್ತು ಸೈನಿಕರ ಮಕ್ಕಳಿಗೆ ಪ್ರತ್ಯೇಕ ಉಪಬಂಧಗಳಿವೆ. ಆದುದರಿಂದ ಹತ್ತನೆಯ ತರಗತಿ ಮುಗಿಯುವ ವೇಳೆಗೇ ಪೋಷಕರು ಎರಡೂ ಕಡೆಯ ನಿಯಮಗಳನ್ನು ಓದಿ, ಶಾಲೆಯನ್ನು ನಿಶ್ಚಯಿಸುವುದು ಒಳ್ಳೆಯದು. ಮುಂದೆ ಈ ಕೊರತೆಯನ್ನು ತುಂಬಿಕೊಳ್ಳುವುದು ಕಷ್ಟ.

ಕೈ ಮತ್ತು ಕಣ್ಣು

ನೀಟ್ ಪರೀಕ್ಷೆಯು ಬುದ್ಧಿಯನ್ನು ಅಳೆಯುತ್ತದೆ, ಕೈಯನ್ನು ಅಳೆಯುವುದಿಲ್ಲ. ಅಮೆರಿಕದ ದಂತವೈದ್ಯ ಪ್ರವೇಶ ಪರೀಕ್ಷೆಯಲ್ಲಿ ಹಿಂದೆ ಸೀಮೆಸುಣ್ಣವನ್ನು ಕೆತ್ತಿ ತೋರಿಸಬೇಕಾಗಿತ್ತು. ಅನಂತರ ಅದರ ಬದಲಿಗೆ ಆಕಾರಗಳನ್ನೂ ಕೋನಗಳನ್ನೂ ಗ್ರಹಿಸುವ ಶಕ್ತಿಯ ಪರೀಕ್ಷೆ ಬಂದಿತು. ನಮ್ಮಲ್ಲಿ ಇಂಥ ಪರೀಕ್ಷೆ ಇಲ್ಲದಿರುವುದರಿಂದ ವಿದ್ಯಾರ್ಥಿಯು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು.

ದಂತವೈದ್ಯನು ಕೆಲಸ ಮಾಡುವ ಜಾಗ ಅತಿ ಕಿರಿದು. ಎನಾಮಲ್ ಎಂಬ ಹೊರಕವಚದ ದಪ್ಪ ಅತಿ ಹೆಚ್ಚಿರುವಲ್ಲಿಯೂ ಸುಮಾರು ಎರಡೂವರೆ ಮಿಲಿಮೀಟರ್ ಮಾತ್ರ. ಅದನ್ನು ಕೊರೆಯುವ ಯಂತ್ರದ ತುದಿಯಾದರೋ ನಿಮಿಷಕ್ಕೆ ಮೂರು ಲಕ್ಷ ಸುತ್ತುಗಳಷ್ಟು ವೇಗದಲ್ಲಿ ತಿರುಗುತ್ತದೆ. ಕೈ ಕೊಂಚ ಜಾರಿದರೂ ಒಳಗಿನ ತಿರುಳಿಗೆ ಗಾಯವಾಗಬಹುದು. ಮೇಲ್ದವಡೆಯ ಹಿಂಬದಿಯ ಹಲ್ಲುಗಳನ್ನು ಪುಟ್ಟ ಕನ್ನಡಿಯ ಬಿಂಬದಲ್ಲಿ ನೋಡುತ್ತಲೇ ಕೆಲಸ ಮಾಡಬೇಕಾಗುತ್ತದೆ. ಕೃತಕ ಹಲ್ಲಿಗೆ ಬಣ್ಣ ಹೊಂದಿಸುವಾಗ ಬಿಳುಪಿನ ಸೂಕ್ಷ್ಮ ಛಾಯೆಗಳನ್ನು ಗುರುತಿಸಬೇಕು.

ಮನೆಯಲ್ಲಿಯೇ ಮಾಡಬಹುದಾದ ಎರಡು ಅಭ್ಯಾಸಗಳಿವೆ. ಕನ್ನಡಿಯಲ್ಲಿ ಮಾತ್ರ ನೋಡುತ್ತ, ಕಾಗದದ ಮೇಲೆ ಬರೆದ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವುದು ಒಂದು. ಸೋಪಿನ ತುಂಡಿನಲ್ಲಿ ದವಡೆ ಹಲ್ಲಿನ ಆಕಾರವನ್ನು ಕೆತ್ತುವುದು ಮತ್ತೊಂದು. ಮೊದಲ ದಿನ ತಪ್ಪಿದರೆ ಎದೆಗುಂದಬೇಕಾಗಿಲ್ಲ. ಕೈಚಳಕವು ಅಭ್ಯಾಸದಿಂದ ಬರುವಂಥದ್ದು. ಆ ಅಭ್ಯಾಸದಲ್ಲಿ ಆಸಕ್ತಿ ಉಳಿಯುತ್ತದೆಯೇ ಎಂಬುದೇ ಇಲ್ಲಿ ನೋಡಬೇಕಾದ ಅಂಶ. ಎಡಗೈ ಬಳಸುವವರೂ ಉಪಕರಣಗಳ ಜೋಡಣೆಯನ್ನು ಬದಲಿಸಿಕೊಂಡು ಸಮರ್ಥವಾಗಿ ಕೆಲಸ ಮಾಡಬಲ್ಲರು.

ಅಂಗವಿಕಲತೆಯುಳ್ಳ ವಿದ್ಯಾರ್ಥಿಗಳಿಗೆ 2016ರ ಕಾಯಿದೆಯನ್ವಯ ಶೇ. 5ರಷ್ಟು ಮೀಸಲಾತಿ ಇದೆ. ವೈದ್ಯಕೀಯ ಪ್ರವೇಶಕ್ಕೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್‌ನಲ್ಲಿ, ಅಂಗವೈಕಲ್ಯದ ಶೇಕಡಾ ಪ್ರಮಾಣವೊಂದನ್ನೇ ಮುಂದಿಟ್ಟು ಅಭ್ಯರ್ಥಿಯನ್ನು ನಿರಾಕರಿಸಲಾಗದು, ವ್ಯಾಸಂಗ ಮಾಡುವ ಸಾಮರ್ಥ್ಯವನ್ನು ಪರಿಶೀಲಿಸತಕ್ಕದ್ದು ಎಂದು ತಿಳಿಸಿದೆ.

ಓದು, ಮಾತು ಮತ್ತು ಮನಸ್ಸು

ಬಿ.ಡಿ.ಎಸ್. ನಾಲ್ಕು ವರ್ಷಗಳ ಓದು ಮತ್ತು ಒಂದು ವರ್ಷದ ಆಸ್ಪತ್ರೆ ತರಬೇತಿಯನ್ನು ಒಳಗೊಂಡಿದೆ. ಹಲ್ಲಷ್ಟನ್ನೇ ಓದಿದರೆ ಸಾಕೆಂಬ ಭಾವನೆ ಸರಿಯಲ್ಲ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಔಷಧಶಾಸ್ತ್ರ, ಸಾಮಾನ್ಯ ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸೆಗಳನ್ನೂ ಕಲಿಯಬೇಕು. ಹಲ್ಲು ಕೀಳಿಸಿಕೊಳ್ಳಲು ಬಂದ ಹಿರಿಯರಿಗೆ ಮಧುಮೇಹವಿದೆಯೇ, ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುತ್ತಿದ್ದಾರೆಯೇ ಎಂದು ವಿಚಾರಿಸದೆ ಇಕ್ಕಳ ಹಿಡಿಯುವುದು ಅಪಾಯಕರ. ಮೊದಲೆರಡು ವರ್ಷ ಮೇಣದ ಹಲ್ಲು ಮತ್ತು ಮಾದರಿ ದವಡೆಗಳ ಮೇಲೆ ಅಭ್ಯಾಸ ನಡೆಯುತ್ತದೆ. ಅನಂತರವೇ ರೋಗಿಗಳ ಚಿಕಿತ್ಸೆ. ರಕ್ತ ಮತ್ತು ಎಂಜಲಿನ ಸಂಪರ್ಕ ಅನಿವಾರ್ಯವಾದುದರಿಂದ ಅದಕ್ಕೆ ಮುನ್ನ ಹೆಪಟೈಟಿಸ್-ಬಿ ಲಸಿಕೆಯನ್ನು ಪೂರ್ಣವಾಗಿ ಪಡೆದಿರಬೇಕು.

ಪಾಠಗಳು ಇಂಗ್ಲಿಷಿನಲ್ಲಿ ನಡೆದರೂ ರೋಗಿಯ ನೋವು ಅವನ ಭಾಷೆಯಲ್ಲಿಯೇ ಹೊರಬರುತ್ತದೆ. ದೆಹಲಿಯ ಆಸ್ಪತ್ರೆಗಳಲ್ಲಿ ಹಿಂದಿ ಬೇಕೇ ಬೇಕು. ರಾಜಧಾನಿಯಲ್ಲಿ ಬೆಳೆದು, ವ್ಯಾಸಂಗಕ್ಕಾಗಿ ಕರ್ನಾಟಕದ ಕಾಲೇಜಿಗೆ ಹೋಗುವ ಮಕ್ಕಳಿಗೆ ಕನ್ನಡ ಅಷ್ಟೇ ಅಗತ್ಯ. ಹಳ್ಳಿಯಿಂದ ಬಂದ ಅಜ್ಜಿಯು 'ಹಲ್ಲು ಜುಂ ಅಂತದೆ' ಎಂದರೆ ಮತ್ತು 'ಒಸಡು ಬಾತಿದೆ' ಎಂದರೆ ವ್ಯತ್ಯಾಸವೇನೆಂದು ತಿಳಿಯದ ವೈದ್ಯನು ಸರಿಯಾದ ಚಿಕಿತ್ಸೆ ನೀಡಲಾರನು. ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡ ಕುಟುಂಬವು ತನ್ನ ಮಗುವಿಗೆ ಅರಿವಿಲ್ಲದೆಯೇ ಒಂದು ವೃತ್ತಿ ಸಾಮರ್ಥ್ಯವನ್ನು ನೀಡಿರುತ್ತದೆ.

ಕುರ್ಚಿಯಲ್ಲಿ ಒರಗಿದ ರೋಗಿ ಬಾಯಿ ತೆರೆದಿರುವುದರಿಂದ ಮಾತನಾಡಲಾರನು. ಅವನ ಹುಬ್ಬು ಗಂಟಿಕ್ಕುವುದನ್ನು, ಬೆರಳು ಬಿಗಿಯುವುದನ್ನು ಕಂಡು ಕೈಯನ್ನು ತಡೆಯುವ ತಾಳ್ಮೆ ವೈದ್ಯನಲ್ಲಿರಬೇಕು. ಗಂಟೆಗಟ್ಟಲೆ ಬಾಗಿ ಕೆಲಸ ಮಾಡುವುದರಿಂದ ಕುತ್ತಿಗೆ ಮತ್ತು ಬೆನ್ನಿನ ಆರೋಗ್ಯವೂ ಮುಖ್ಯ.

ನಿರ್ಧಾರಕ್ಕೆ ಮುನ್ನ

ವಿದ್ಯಾರ್ಥಿಯು ಪರಿಚಿತ ದಂತವೈದ್ಯರ ಅನುಮತಿ ಪಡೆದು ಒಂದೆರಡು ದಿನ ಅವರ ಚಿಕಿತ್ಸಾಲಯದ ಕೆಲಸವನ್ನು ನೋಡುವುದು ಉಪಯುಕ್ತ. ಪೋಷಕರು ಕಾಲೇಜಿಗೆ ಮಾನ್ಯತೆ ಇದೆಯೇ, ಶುಲ್ಕದ ಹೊರತಾಗಿ ಉಪಕರಣಗಳಿಗೆ ಎಷ್ಟು ವೆಚ್ಚವಾಗುತ್ತದೆ, ಅಲ್ಲಿಗೆ ಸಾಕಷ್ಟು ರೋಗಿಗಳು ಬರುತ್ತಾರೆಯೇ ಎಂಬ ಮೂರು ಸಂಗತಿಗಳನ್ನು ವಿಚಾರಿಸತಕ್ಕದ್ದು. ರೋಗಿಗಳಿಲ್ಲದ ಕಾಲೇಜಿನಲ್ಲಿ ಕೈ ಪಳಗದು. ಇಷ್ಟನ್ನು ಅರಿತು, ಮನಃಪೂರ್ವಕವಾಗಿ ಈ ಮಾರ್ಗವನ್ನು ಆರಿಸಿಕೊಂಡವರಿಗೆ ದಂತವೈದ್ಯವು ಎರಡನೆಯ ಆಯ್ಕೆಯಾಗಿ ಉಳಿಯುವುದಿಲ್ಲ.