ಹಿಮದಲ್ಲಿ ಎಚ್ಚರಿಸುವ ಗೆಳೆಯ

ಕಳೆದ ಭಾನುವಾರ ಬಲಿಪೂಜೆ ಮುಗಿದ ಮೇಲೆ ಇಬ್ಬರು ಯುವಕರು ನನ್ನ ಬಳಿ ಬಂದರು. ಚಳಿಗಾಲದಲ್ಲಿ ಉತ್ತರಾಖಂಡದ ಕೇದಾರಕಂಠ ಬೆಟ್ಟ ಹತ್ತಲು ಹೊರಟಿದ್ದರು. "ಫಾದರ್, ಆಶೀರ್ವಾದ ಮಾಡಿ" ಎಂದರು. ಹಿಂದೆ ನಿಂತಿದ್ದ ತಾಯಿಯ ಮುಖದಲ್ಲಿ ಆತಂಕವಿತ್ತು. ನಾನು ಒಬ್ಬನನ್ನು ಕೇಳಿದೆ: "ಬೆಟ್ಟದ ನಡುವೆ ಇವನು 'ಸಾಕು, ಇಳಿಯೋಣ' ಅಂದರೆ ನೀನು ಕೇಳ್ತೀಯಾ?" ಇಬ್ಬರೂ ಮುಖ ಮುಖ ನೋಡಿಕೊಂಡರು. ಉತ್ತರ ಬರಲಿಲ್ಲ.

ಆಗ ಅವರಿಗೆ ಒಂದು ನಿಜ ಕಥೆ ಹೇಳಿದೆ. 1889ರ ಜುಲೈ ಕೊನೆಯಲ್ಲಿ ಇಟಲಿಯ ಇಬ್ಬರು ಗುರುಗಳು, ಅಕಿಲ್ಲೆ ರಾಟ್ಟಿ ಮತ್ತು ಅವರ ಗೆಳೆಯ ಲೂಯಿಜಿ ಗ್ರಾಸೆಲ್ಲಿ, ಆಲ್ಪ್ಸ್ ಪರ್ವತದ ಮೊಂಟೆ ರೋಸಾ ಏರಿದರು. ಜೊತೆಗೆ ದಾರಿ ಬಲ್ಲ ಇಬ್ಬರು ಸಹಾಯಕರಿದ್ದರು. ಅವರು ಹಿಡಿದ ಪೂರ್ವದ ಹಿಮಗೋಡೆ ಹಿಮಕುಸಿತಕ್ಕೆ ಕುಖ್ಯಾತ. 1881ರಲ್ಲಿ ಅಲ್ಲಿ ಮೂವರು ಪ್ರಾಣ ಕಳೆದುಕೊಂಡಿದ್ದರು. ಗುರುಗಳು ತುದಿ ಮುಟ್ಟುವಷ್ಟರಲ್ಲಿ ಸಂಜೆಯಾಯಿತು. ಕತ್ತಲಲ್ಲಿ ಇಳಿಯುವುದು ಅಪಾಯವೆಂದು ಸುಮಾರು 4,600 ಮೀಟರ್ ಎತ್ತರದ ಕಿರಿದಾದ ಬಂಡೆಯ ಮೇಲೆ ರಾತ್ರಿ ಕಳೆದರು. ತಂದಿದ್ದ ಕಾಫಿ ಹೆಪ್ಪುಗಟ್ಟಿತ್ತು. ನಿದ್ದೆ ಹೋದರೆ ಮತ್ತೆ ಏಳುವ ಭರವಸೆಯಿರಲಿಲ್ಲ. ಕಾಲುಗಳನ್ನು ನೆಲಕ್ಕೆ ಬಡಿಯುತ್ತಾ ಎಚ್ಚರವಾಗಿದ್ದರು. ಬೆಳಗಾದ ಮೇಲೆ ಕೆಳಗಿಳಿದರು. ಆ ರಾಟ್ಟಿಯವರೇ 1922ರಲ್ಲಿ ಜಗದ್ಗುರು 11ನೇ ಪಿಯುಸ್ ಆದರು. 1923ರಲ್ಲಿ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕರೆಂದು ಸಾರಿದವರೂ ಅವರೇ.

ಪ್ರಿಯ ಓದುಗರೇ, ಹಿಮದ ಬೆಟ್ಟದಲ್ಲಿ ಗಾಳಿಯೇ ದೊಡ್ಡ ವೈರಿ. ಶೂನ್ಯಕ್ಕಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ಬರಿಮೈಗೆ ಅದು ಶೂನ್ಯಕ್ಕಿಂತ 20 ಡಿಗ್ರಿಗೂ ಕೆಳಗಿನ ಚಳಿಯಂತೆ ತಾಗುತ್ತದೆ. ದೇಹದ ಶಾಖ 35 ಡಿಗ್ರಿಗಿಂತ ಇಳಿದರೆ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ. ತನಗೆ ಹೀಗಾಗುತ್ತಿದೆ ಎಂದು ಆ ವ್ಯಕ್ತಿಗೇ ತಿಳಿಯದೆ ಹೋಗಬಹುದು. "ನನಗೇನೂ ಆಗಿಲ್ಲ, ಸ್ವಲ್ಪ ಕೂರುತ್ತೇನೆ" ಎನ್ನುತ್ತಾನೆ. ಅದನ್ನು ಕಾಣಬಲ್ಲವನು ಪಕ್ಕದಲ್ಲಿರುವ ಗೆಳೆಯ ಮಾತ್ರ. ಒಬ್ಬನಿಗಿಂತ ಇಬ್ಬರು ಲೇಸು, ಬಿದ್ದವನನ್ನು ಎತ್ತಲು, ಚಳಿಯಲ್ಲಿ ಬೆಚ್ಚಗಿರಿಸಲು ಜೊತೆಗಾರ ಬೇಕು ಎಂದು ಉಪದೇಶಕನ ಗ್ರಂಥದ 4ನೇ ಅಧ್ಯಾಯ ತಿಳಿಸುವುದು ಇದನ್ನೇ ಅಲ್ಲವೇ?

ನಮ್ಮ ಮನೆಗಳಲ್ಲೂ ಇಂಥ ಚಳಿ ಹೊಕ್ಕುತ್ತದೆ. ಕುಡಿತಕ್ಕೆ ಬಿದ್ದವನು, ಸಾಲದಲ್ಲಿ ಮುಳುಗಿದವನು, ದುಃಖದಲ್ಲಿ ಮೌನವಾದವಳು, ಎಲ್ಲರೂ "ನನಗೇನೂ ಆಗಿಲ್ಲ" ಎನ್ನುತ್ತಾರೆ. ಸೆಮಿನರಿಯಲ್ಲಿ ನನ್ನ ಗೆಳೆಯನೊಬ್ಬ ದಿನೇ ದಿನೇ ಮಾತು ಕಡಿಮೆ ಮಾಡಿದ. ಅವನ ಸ್ವಭಾವವೇ ಹಾಗೆ ಎಂದು ನಾನು ಸುಮ್ಮನಾದೆ. ಒಂದು ಬೆಳಿಗ್ಗೆ ಪೆಟ್ಟಿಗೆ ಹಿಡಿದು ಊರಿಗೆ ಹೊರಟುಬಿಟ್ಟ. ಅವನು ಬಿಟ್ಟುಹೋದದ್ದು ತಪ್ಪಲ್ಲ, ಅದು ಅವನ ಕರೆ. ಆದರೆ ಅಷ್ಟು ತಿಂಗಳು ಪಕ್ಕದ ಹಾಸಿಗೆಯಲ್ಲಿ ಮಲಗಿದ್ದ ನಾನು "ಏನಾಯಿತೋ?" ಎಂದು ಒಮ್ಮೆಯೂ ಕೇಳಲಿಲ್ಲ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ವಿವೇಕವು ಸದ್ಗುಣಗಳ ಸಾರಥಿ ಎಂದು ಧರ್ಮಸಭೆ ಬೋಧಿಸುತ್ತದೆ. ಆದರೆ ಚಳಿ ಹಿಡಿದವನ ವಿವೇಕವೇ ಮೊದಲು ಕೈಕೊಡುತ್ತದೆ. ಆಗ ಗೆಳೆಯನ ವಿವೇಕವನ್ನು ಎರವಲು ಪಡೆಯಬೇಕು. ಹೇಳುವವನಿಗೆ ಧೈರ್ಯ ಬೇಕು, ಕೇಳುವವನಿಗೆ ದೀನತೆ ಬೇಕು. ಇವೆರಡೂ ಹೊರಡುವ ಮೊದಲೇ ಸಿದ್ಧವಾಗಿರಬೇಕು. ಹಿಮ ಬೀಳಲು ಶುರುವಾದ ಮೇಲೆ ವಾದ ಮಾಡಲು ಸಮಯವಿರುವುದಿಲ್ಲ.

ಕಥೆ ಕೇಳಿದ ಯುವಕ ಗೆಳೆಯನ ಕಡೆ ತಿರುಗಿ, "ನೀನು ಇಳಿಯೋಣ ಅಂದರೆ ಇಳಿಯೋಣ ಕಣೋ" ಎಂದ. "ನಾನೂ ಅಷ್ಟೇ" ಎಂದ ಇನ್ನೊಬ್ಬ. ಆಮೇಲೆ ಇಬ್ಬರ ತಲೆಯ ಮೇಲೂ ಕೈಯಿಟ್ಟು ಆಶೀರ್ವದಿಸಿದೆ.

ಮನೆಯಲ್ಲಿ ಚಿಂತನೆಗೆ:
1. ನನಗೆ "ಸಾಕು" ಎಂದು ಹೇಳುವ ಹಕ್ಕನ್ನು ನಾನು ಯಾರಿಗೆ ಕೊಟ್ಟಿದ್ದೇನೆ?
2. ಇತ್ತೀಚೆಗೆ ಮೌನವಾಗಿರುವವರು ನಮ್ಮ ಮನೆಯಲ್ಲಿ ಯಾರು? ಇಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ಮಾತನಾಡಿಸಿದ್ದೇವೆಯೇ?