ಮಾಲು ಕೈಬಿಟ್ಟಿತು, ದುಡ್ಡು ಬರಲಿಲ್ಲ

ಹುಣಸೆಹಣ್ಣಿನ ಕಂಟೇನರು ದುಬೈ ಬಂದರಿನಿಂದ ಆಚೆ ಹೋಗಿದೆ, ಹಣ ಮಾತ್ರ ಹಿರೇಹಡಗಲಿಗೆ ಬಂದಿಲ್ಲ ಎಂದು ಬರೆದಿದ್ದೀರಿ. ಮೊದಲು ಬೀರು ತೆಗೆದು ನೋಡಿ. ಮಾಲಿನ ಹಕ್ಕುಪತ್ರವಾದ ಬಿಲ್ ಆಫ್ ಲೇಡಿಂಗ್‌ನ ಅಸಲು ಪ್ರತಿಗಳೆಲ್ಲ ನಿಮ್ಮಲ್ಲಿ ಅಥವಾ ನಿಮ್ಮ ಬ್ಯಾಂಕಿನಲ್ಲಿ ಇದ್ದರೆ ಎದೆಗುಂದಬೇಡಿ. ಅಸಲು ಪಡೆಯದೆ ಮಾಲು ಬಿಟ್ಟುಕೊಟ್ಟ ಹಡಗು ಕಂಪನಿ ನಿಮಗೆ ಉತ್ತರ ಹೇಳಲೇಬೇಕು. ಆದರೆ ಖರೀದಿದಾರನ ಒತ್ತಾಯಕ್ಕೆ ಅಸಲಿಲ್ಲದೆಯೇ ಮಾಲು ಬಿಡಲು ಒಪ್ಪುವ ‘ಟೆಲೆಕ್ಸ್ ರಿಲೀಸ್’ ಪತ್ರಕ್ಕೆ ಸಹಿ ಹಾಕಿದ್ದರೆ ಹಡಗಿನವರ ಮೇಲೆ ಹೋಗಲಾಗದು, ಉಳಿಯುವುದು ಖರೀದಿದಾರನೊಬ್ಬನೇ.

ಹಡಗಿನವರನ್ನು ಇಲ್ಲಿಯೇ ಕೋರ್ಟಿಗೆ ಎಳೆದ ಉದಾಹರಣೆ ಇದೆ. 1984ರಲ್ಲಿ ಮರ್ಮಗೋವಾದಿಂದ ಹೊರಟ ‘ಎಂ.ವಿ. ಎಲಿಸಬೆತ್’ ಹಡಗು, ಖರೀದಿದಾರ ಹಣ ಕೊಟ್ಟಿಲ್ಲ, ಮಾಲು ಕೊಡಬೇಡಿ ಎಂದರೂ ಕೊಟ್ಟುಬಿಟ್ಟಿತ್ತು. ಕಳಿಸಿದ ಸಂಸ್ಥೆ ಅದೇ ಹಡಗನ್ನು ವಿಶಾಖಪಟ್ಟಣದಲ್ಲಿ ಕೋರ್ಟಿನ ಮೂಲಕ ಹಿಡಿಸಿತು. ಮಾಲೀಕರು ವಿದೇಶಿಗಳು, ಇಲ್ಲಿ ವಿಚಾರಣೆ ಸಲ್ಲದು ಎಂಬ ವಾದವನ್ನು 1992ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಸಣ್ಣ ರಫ್ತುದಾರರಿಗೆ ಇಷ್ಟು ಬಲ ಕೊಟ್ಟ ತೀರ್ಪು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬಿಲ್ಲಿನ ಮೇಲೆ ಸಹಿ ಯಾರದ್ದು, ಹಡಗು ಕಂಪನಿಯದೋ ಫಾರ್ವರ್ಡರ್‌ನದೋ ಎಂದು ನೋಡಿ. ನೋಟಿಸು ಅವರಿಗೇ ಹೋಗಬೇಕು. ಹಿಂಬದಿಯ ಸಣ್ಣ ಅಕ್ಷರಗಳನ್ನೂ ಓದಿಸಿ: ವ್ಯಾಜ್ಯ ಲಂಡನ್ನಿನಲ್ಲೋ ಸಿಂಗಪುರದಲ್ಲೋ ನಡೆಯಬೇಕೆಂಬ ಷರತ್ತು ಅಲ್ಲಿರಬಹುದು. ದಾವೆಗೆ ಮಾಲು ತಲುಪಿದ ದಿನದಿಂದ ಒಂದೇ ವರ್ಷ ಎಂದು ಲೆಕ್ಕ ಇಡಿ. 2025ರಲ್ಲಿ ಸಮುದ್ರ ಸಾಗಣೆಯ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸವು ಬಂದರೂ ಆ ಗಡುವು ಸಡಿಲವಾಗಿಲ್ಲ. ‘ಮುಂದಿನ ವಾರ ಕಳಿಸ್ತೀವಿ’ ಎಂಬ ವಾಟ್ಸಾಪ್ ಮಾತುಗಳಲ್ಲಿ ತಿಂಗಳು ಕಳೆಯಬೇಡಿ. ರಫ್ತಿನ ಹಣ ಬಾರದಿದ್ದರೆ ಪರಿಹಾರ ಕೊಡುವ ಇಸಿಜಿಸಿ ವಿಮೆ ಇದ್ದರೆ ಇಂದೇ ಅವರಿಗೆ ಬರೆದು ತಿಳಿಸಿ.